ಅವ್ವನಿಗೆ ಉಬ್ಬಸಕ್ಕಿಂತ ಅದರ ಭಯವೇ ಜಾಸ್ತಿಯಾಗಿದೆ, ಏನು ಮಾಡಲಿ?

ಮದ್ದೂರಿನ ಮಗಳು:
ಅವ್ವನಿಗೆ 62. ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆ, ಅದರ ಜೊತೆಗೆ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಒಲೆಗೆ ಹಾಕೋ ಕೆಲಸ. ಬೀಡಿ ಮುಟ್ಟಿದವಳಲ್ಲ. ಆರು ವರ್ಷದ ಹಿಂದೆ ಯಂತ್ರಕ್ಕೆ ಊದಿಸಿ ನೋಡಿ ಸಿಒಪಿಡಿ ಅಂದರು, ಅಂದರೆ ಉಸಿರಿನ ನಾಳ ಕಿರಿದಾಗಿ ಉಸಿರು ಕಟ್ಟೋ, ಬಹುಕಾಲ ಇರೋ ಶ್ವಾಸಕೋಶದ ಕಾಯಿಲೆ. ಇನ್ಹೇಲರ್ ತಪ್ಪಿಸಲ್ಲ, ಆದರೆ ಈಗ ಮನೆಯಿಂದ ಹೊರಗೇ ಬರಲ್ಲ. ಹೋದ ತಿಂಗಳು ನೆಂಟರ ಮದುವೆಗೆ ಸೀರೆ ಉಟ್ಟು, ಹೂ ಮುಡಿದು, ಕಾರಿನ ಬಾಗಿಲ ತನಕ ಬಂದು ವಾಪಸ್ ಹೋದಳು. "ಊಟ ಮಹಡಿ ಮೇಲಂತೆ ಕಣವ್ವ, ಎಲ್ಲರ ಮುಂದೆ ಏದುಸಿರು ಬಿಟ್ಕೊಂಡು ನಿಲ್ಲಲಾರೆ" ಅಂದಳು. ರಾತ್ರಿ ಎದ್ದು ಕೂತು ದಿಂಬಿನ ಕೆಳಗೆ ಇನ್ಹೇಲರ್ ತಡಕಾಡ್ತಾಳೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಔಷಧಿ ಇದೆ ಅಂತ ಅನಿಸಿದ ಮೇಲೇ ಮಲಗೋದು. ಅಣ್ಣ "ಧೈರ್ಯ ತಂದ್ಕೊ" ಅಂತ ಗದರ್ತಾನೆ. ಅವತ್ತು ಊಟ ಬಿಡ್ತಾಳೆ. ಇದು ಎದೆಯ ಕಾಯಿಲೆನಾ, ಮನಸ್ಸಿಂದಾ?

ಕುವೆಂಪುನಗರದ ಉಬ್ಬಸದವನು:
ಎರಡೂ, ತಂಗಿ. ನನಗೆ ಇಪ್ಪತ್ತು ವರ್ಷದಿಂದ ಆಸ್ತಮಾ. ಉಸಿರು ಸಿಗದಿದ್ದರೆ ಹೆದರಿಕೆ, ಹೆದರಿದರೆ ಉಸಿರು ಬೇಗ ಬೇಗ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಲ್ಲ, ಹೊಸದಕ್ಕೆ ಜಾಗ ಇರಲ್ಲ, ಇನ್ನೂ ಕಟ್ಟುತ್ತೆ. ಅವ್ವನಿಗೆ ಧೈರ್ಯ ಕಮ್ಮಿ ಅಂತಲ್ಲ, ಕಾಯಿಲೆ ಇರೋದೇ ಹಾಗೆ. ಮೂಗಿಂದ ಎರಡು ಎಣಿಸೋವರೆಗೆ ಎಳೆದು, ಬಿಸಿ ಕಾಫಿ ಆರಿಸೋ ಹಾಗೆ ತುಟಿ ಕಿರಿದು ಮಾಡಿ ನಾಲ್ಕು ಎಣಿಸೋವರೆಗೆ ಬಿಡೋದು ಕಲಿಸಿ. ಉಸಿರು ಚೆನ್ನಾಗಿರೋ ಹೊತ್ತಲ್ಲೇ ಅಭ್ಯಾಸ ಆಗಬೇಕು, ಕಟ್ಟಿದಾಗ ಹೊಸದಾಗಿ ಕಲಿಯೋಕಾಗಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾನು ಮೊದಲ ದಿನ ನಡೆದದ್ದು ಮೊದಲ ಬೆಂಚಿನ ತನಕ ಅಷ್ಟೇ.

ನರ್ಸಕ್ಕ:
ಉಸಿರು ಕಟ್ಟಿದಾಗ ತಗೊಳೋ ಸಾಲ್ಬುಟಮಾಲ್‌ನಿಂದ ಕೈ ನಡುಗುತ್ತೆ, ಎದೆ ಹೊಡ್ಕೊಳುತ್ತೆ. ಎಷ್ಟೋ ಜನ ಅದನ್ನೇ ಇನ್ನೊಂದು ಸಲ ಕಟ್ತಿದೆ ಅಂತ ತಿಳಿದು ಮತ್ತೆ ಎಳೀತಾರೆ. ದಿನಕ್ಕೆ ಎಷ್ಟು ಸಲ ತಗೋತಾರೆ ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಉಸಿರಾಟದ ವ್ಯಾಯಾಮ, ನಡಿಗೆ ಹೇಳಿಕೊಡೋ ಪುನರ್ವಸತಿ ತರಬೇತಿ ಎಲ್ಲಿ ಕೊಡ್ತಾರೆ ಅಂತಲೂ ಕೇಳಿ. ಭಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪುಕ್ಕಟೆಯಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಆದರೆ ತುಟಿ ನೀಲಿಯಾದರೆ, ಒಂದು ಮಾತು ಪೂರ್ತಿ ಆಡೋಕಾಗದಿದ್ದರೆ, ಭಯ ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಮದ್ದೂರಿನ ಮಗಳು:
ಅಣ್ಣನಿಗೆ ಇದೆಲ್ಲ ಓದಿ ಹೇಳಿದೆ. ಸುಮ್ಮನೆ ಕೂತಿದ್ದ. ಇವತ್ತು ಸಂಜೆ ಅವನೇ ಅವ್ವನ ಜೊತೆ ಹಾಲಿನ ಡೈರಿ ತನಕ ಹೋದ. ದಾರಿಯಲ್ಲಿ ಎರಡು ಮನೆ ಜಗಲಿ ಮೇಲೆ ಕೂತು ಹೋದರಂತೆ. ಎರಡನೇ ಮನೆಯವರು ನೀರು ಕೊಟ್ಟರಂತೆ, ಅವ್ವ ಅದನ್ನೇ ಹೇಳ್ತಾ ಇದ್ದಾಳೆ.