ಪದಚರ್ಚೆ: ‘ಪವರ್ ಕೈಟ್’, ‘ಕೈಟ್ ಬಗ್ಗಿ’, ‘ಬ್ರೇಕ್ ಲೈನ್’ – ಶುಕ್ರವಾರದೊಳಗೆ ಕನ್ನಡ ಪದ ಬೇಕು

ಹ್ಯಾಂಬರ್ಗ್‌ನಿಂದ:

ಬಳಗದವರಿಗೆ ನಮಸ್ಕಾರ. ಶುಕ್ರವಾರ ಸಂಜೆಯೊಳಗೆ ನನಗೆ ಏಳೆಂಟು ಪದಗಳು ಬೇಕು. ಅಂದು ಅಚ್ಚು ಹಾಕಿಸಲೇಬೇಕು.

ಇಲ್ಲಿ ನಾವು ಐದಾರು ಮನೆಯವರು ಸೇರಿ ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ದೊಡ್ಡ ಮಕ್ಕಳನ್ನು ಈ ಶನಿವಾರ ಡೆನ್ಮಾರ್ಕಿನ ರೋಮೋ ದ್ವೀಪಕ್ಕೆ ಕರೆದೊಯ್ಯುತ್ತಿದ್ದೇವೆ. ಅದರ ದಕ್ಷಿಣದ ಮರಳ ದಂಡೆ ಗಟ್ಟಿಯಾಗಿ, ಬಲು ಅಗಲವಾಗಿ ಹರಡಿಕೊಂಡಿದೆ. ಕಾರುಗಳೇ ಅದರ ಮೇಲೆ ಓಡಾಡುತ್ತವೆ. ದೊಡ್ಡ ಗಾಳಿಪಟವನ್ನು ಹಿಡಿದು, ಮೂರು ಚಕ್ರದ ತಗ್ಗು ಗಾಡಿಯಲ್ಲಿ ಕುಳಿತು, ಗಾಳಿಯಿಂದಲೇ ಎಳೆಸಿಕೊಂಡು ಓಡುವವರು ಅಲ್ಲಿಗೆ ಬರುತ್ತಾರೆ. ಪಟಕ್ಕೆ ಪವರ್ ಕೈಟ್, ಗಾಡಿಗೆ ಕೈಟ್ ಬಗ್ಗಿ ಎನ್ನುತ್ತಾರೆ. ಕಡಿಮೆ ದುಡ್ಡಿನಲ್ಲಿ ಪಟವನ್ನು ಆರಿಸುವುದು ಹೇಗೆ, ಹಾರಿಸುವುದು ಹೇಗೆ ಎಂದು ಎರಡು ಪುಟ ಕನ್ನಡದಲ್ಲೇ ಬರೆದು ಮಕ್ಕಳ ಕೈಗೆ ಕೊಡಬೇಕೆಂದಿದ್ದೇನೆ.

‘ಶಕ್ತಿ ಗಾಳಿಪಟ’ ಎಂದು ಬರೆದು ಹೊಡೆದುಹಾಕಿದೆ. ‘ವಿಂಡ್ ವಿಂಡೋ’ ಎಂಬುದನ್ನು ‘ಗಾಳಿಕಿಟಕಿ’ ಮಾಡಿದ್ದೇನೆ. ಅದು ನನಗೇ ಹಿಡಿಸಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಂತವನ ಮುಂದೆ, ನೆಲದಿಂದ ನೆತ್ತಿಯವರೆಗೆ ಪಟ ಹಾರಬಲ್ಲ ಜಾಗವೆಲ್ಲ ಅದರಲ್ಲಿ ಬರಬೇಕು. ಪಟಕ್ಕೆ ನಾಲ್ಕು ದಾರ, ಎರಡು ಹಿಡಿ. ಮೇಲಿನ ಎರಡು ದಾರಗಳು ಪಟದ ಎಳೆತವನ್ನೆಲ್ಲ ಹೊರುತ್ತವೆ. ಕೆಳಗಿನ ಎರಡು ಪಟದ ಹಿಂದಂಚಿಗೆ ಕಟ್ಟಿರುತ್ತವೆ, ಅವನ್ನು ಎಳೆದರೆ ಪಟ ಸೊರಗಿ ಹಿಂಜರಿದು ಇಳಿಯುತ್ತದೆ. ಇಂಗ್ಲಿಷಿನವರು ಇವನ್ನು ಬ್ರೇಕ್ ಲೈನ್ ಎಂದುಬಿಟ್ಟಿದ್ದಾರೆ.

ಈ ಬ್ರೇಕ್ ಎಂಬ ಪದವೇ ನನಗೆ ಬೇಡ. ಹೋದ ವರ್ಷ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಅವನನ್ನು ಗಾಡಿಯಲ್ಲಿ ಕೂರಿಸಿದ್ದೆ. ಗಾಳಿ ಒಮ್ಮೆಗೇ ಏರಿತು. “ಬ್ರೇಕ್ ಹಿಡಿ, ಬ್ರೇಕ್ ಹಿಡಿ” ಎಂದು ಕೂಗಿದೆ. ಸ್ಕೂಟರ್ ಓಡಿಸಿ ಪಳಗಿದ ಹುಡುಗ ಕೈಯಲ್ಲಿದ್ದ ದಾರವನ್ನು ಮರೆತು ಗಾಡಿಯಲ್ಲಿ ಬ್ರೇಕ್ ಹುಡುಕಿದ. ಆ ಗಾಡಿಗೆ ಬ್ರೇಕೇ ಇಲ್ಲ. ಮುಂದಿನ ಚಕ್ರವನ್ನು ಎರಡು ಪಾದಗಳಿಂದ ಹೊರಳಿಸುವುದಷ್ಟೇ. ಸಿಗದೆ ಹೋದಾಗ ಎರಡೂ ಕಾಲುಗಳನ್ನು ಮರಳಿಗೆ ಊರಿದ. ಗಾಡಿ ಅವನ ಹಿಮ್ಮಡಿಯ ಮೇಲೆ ಹತ್ತಿತು. ಆರು ವಾರ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ. ಅಕ್ಕನಿಗೆ ನಾನು ಇನ್ನೂ ಮುಖ ಕೊಟ್ಟು ಮಾತನಾಡಲಾರೆ. ದಯವಿಟ್ಟು ಬೇಗ ಬರೆಯಿರಿ.

ಮೈಸೂರಿನಿಂದ:

‘ಶಕ್ತಿ ಗಾಳಿಪಟ’ವನ್ನು ಹೊಡೆದದ್ದು ಸರಿ. ‘ಗಾಳಿಕಿಟಕಿ’ಯನ್ನೂ ಹೊಡೆಯಿರಿ. ಕಿಟಕಿ ಎಂದರೆ ಗೋಡೆ ಇರಬೇಕು, ಮೇಲಾಗಿ ಅದು ಹಿಂದಿಯ ಖಿಡಕಿ. ‘ಗಾಳಿಪಟ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದದ್ದು; ರೂಢಿಯಾಗಿದೆ ಎಂದು ಸಹಿಸಿಕೊಂಡಿದ್ದೇವೆ, ಅದರಿಂದ ಮರಿಗಳನ್ನು ಹುಟ್ಟಿಸುವುದು ಬೇಡ. ನೀವು ಹೇಳುವ ವಸ್ತು ಗಾಳಿ ತುಂಬಿಕೊಂಡು ಎಳೆಯುವ ಬಟ್ಟೆ. ಅದಕ್ಕೆ ಕನ್ನಡದಲ್ಲಿ ‘ಹಾಯಿ’ ಇದೆ. ‘ಎಳೆಹಾಯಿ’ ಎನ್ನಿ. ‘ಗಾಡಿ’ ಉತ್ತರದಿಂದ ಬಂದದ್ದು; ‘ಹಾಯಿಬಂಡಿ’ ಎನ್ನಿ. ದಾರಗಳು ‘ಎಳೆದಾರ’, ‘ತಡೆದಾರ’. ಇಷ್ಟು ಸಾಕು.

ಕುಂದಾಪುರದಿಂದ:

ಸಾಕಾಗದು. ನಮ್ಮದು ಮೀನುಗಾರರ ಮನೆ. ಹಾಯಿ ಎಂದರೆ ಕೂವೆಮರಕ್ಕೆ ಕಟ್ಟಿದ್ದು. ಮರ ದೋಣಿಯಲ್ಲಿ ನೆಟ್ಟಿರುತ್ತದೆ, ಹಾಯಿ ಮರದಲ್ಲಿ ನಿಂತಿರುತ್ತದೆ. ದಾರದ ತುದಿಯಲ್ಲಿ ಆಕಾಶದಲ್ಲಿ ಹಾರುವುದಕ್ಕೆ ನಮ್ಮಲ್ಲಿ ಯಾರೂ ಹಾಯಿ ಎನ್ನುವುದಿಲ್ಲ. ನಿಘಂಟು ನೋಡಿ ಪದ ಕಟ್ಟುವವರು ಒಮ್ಮೆ ಬಂದರಿಗೆ ಬಂದು ಹೋಗಲಿ.

ಹ್ಯಾಂಬರ್ಗ್‌ನಿಂದ:

ಕುಂದಾಪುರದವರ ಮಾತು ನನ್ನ ಕೆಲಸಕ್ಕೆ ನೇರವಾಗಿ ಬಂತು. ರೋಮೋದ ಅದೇ ದಂಡೆಯಲ್ಲಿ ಕಂಬ ನೆಟ್ಟು ಹಾಯಿ ಕಟ್ಟಿದ ಗಾಡಿಗಳೂ ಓಡುತ್ತವೆ. ‘ಹಾಯಿಬಂಡಿ’ಯನ್ನು ಅವಕ್ಕೇ ಬಿಡಬೇಕು. ಇನ್ನೊಂದು ಪದ: ಪಟದ ಹೊಟ್ಟೆಯಡಿ ಬೀಸಣಿಗೆಯಂತೆ ಹರಡಿರುವ ಹತ್ತಾರು ಸಣ್ಣ ದಾರಗಳು ಕೊನೆಗೆ ನಾಲ್ಕು ಗಂಟುಗಳಿಗೆ ಬಂದು ಸೇರುತ್ತವೆ. ಇಂಗ್ಲಿಷಿನಲ್ಲಿ ಬ್ರೈಡಲ್, ಅಂದರೆ ಕುದುರೆಯ ಕಡಿವಾಣ. ‘ಕಡಿವಾಣ’ ಎನ್ನಲೇ?

ದೊಡ್ಡಬಳ್ಳಾಪುರದಿಂದ:

ಬೇಡ, ಬೇಡ! ಇದಕ್ಕೆ ಪದ ಇದೆ, ಮೇಡಂ. ‘ಸೂತ್ರ’. ಆಷಾಢದಲ್ಲಿ ನಮ್ಮೂರಿನಲ್ಲಿ ಬೆಳೆದ ಯಾವ ಹುಡುಗನನ್ನು ಬೇಕಾದರೂ ಕೇಳಿ. ಅಡ್ಡಕಡ್ಡಿಯೂ ನೆಟ್ಟಕಡ್ಡಿಯೂ ಕೂಡುವಲ್ಲಿ ಕಾಗದಕ್ಕೆ ಎರಡು ತೂತು ಮಾಡಿ ದಾರ ಪೋಣಿಸಬೇಕು. ಅದರ ಇನ್ನೊಂದು ತುದಿಯನ್ನು ನೆಟ್ಟಕಡ್ಡಿಯ ಕೆಳಗೆ ಕಟ್ಟಬೇಕು. ನಡುವೆ ಬೆರಳಿನಿಂದ ಅಳೆದು ಗಂಟು ಹಾಕಬೇಕು. ಇದೇ ‘ಸೂತ್ರ ಕಟ್ಟುವುದು’. ನನ್ನ ತಂದೆಯವರು ಈ ಗಂಟನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಗಂಟು ಹಾಕಿದ ಮೇಲೆ ಪಟವನ್ನು ಅದರಿಂದಲೇ ಎತ್ತಿ ಮುಖದ ಮುಂದೆ ತೂಗಿಬಿಟ್ಟು, ಉಸಿರು ಹಿಡಿದು ನೋಡುತ್ತಿದ್ದರು. ಒಂದು ಪಕ್ಕ ಜೋತರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಗಂಟು ಒಂದು ಬೆರಳಗಲ ತಪ್ಪಿದರೂ ಪಟ ಲಾಗ ಹಾಕಿ ನೆಲಕ್ಕೆ ಬೀಳುತ್ತದೆ. ‘ಸೂತ್ರ ಹರಿದ ಗಾಳಿಪಟ’ ಎಂದು ಬಾಳಿಗೂ ಹೇಳುತ್ತೇವಲ್ಲ, ಅದು ಎಲ್ಲಿಂದ ಬಂತು?

ಪಟಕ್ಕೆ ಕುದುರೆಯ ಕಡಿವಾಣ ಹಾಕುವುದು ಇಂಗ್ಲಿಷಿನವರ ಕಲ್ಪನೆ, ಅವರಿಗೆ ಇರಲಿ. ನಿಮ್ಮ ಪಟದಲ್ಲಿ ಹತ್ತಾರು ದಾರಗಳಿದ್ದರೆ ‘ಸೂತ್ರಗಳು’ ಎನ್ನಿ. ಬಾಲಂಗೋಚಿ ಇದೆಯೇ?

ಹ್ಯಾಂಬರ್ಗ್‌ನಿಂದ:

ಬಾಲಂಗೋಚಿ ಇಲ್ಲ, ಕಡ್ಡಿಯೂ ಇಲ್ಲ. ಮುಂದಂಚಿನಲ್ಲಿ ಸಾಲಾಗಿ ಬಾಯಿಗಳಿವೆ. ಗಾಳಿ ಒಳಹೊಕ್ಕು ಬಟ್ಟೆಯ ಗೂಡುಗಳು ದಿಂಬಿನಂತೆ ಉಬ್ಬಿ ರೆಕ್ಕೆಯ ಆಕಾರಕ್ಕೆ ಬರುತ್ತವೆ. 1964ರಲ್ಲಿ ಅಮೆರಿಕದಲ್ಲಿ ಡೊಮಿನಾ ಜಲ್ಬರ್ಟ್ ರೂಪಿಸಿದ ಪ್ಯಾರಾಫಾಯಿಲ್‌ನಿಂದ ಬಂದ ಉಪಾಯ ಅದು. ‘ಸೂತ್ರ’ವನ್ನು ಈಗಲೇ ಬರೆದುಕೊಂಡೆ. ನಿಮ್ಮ ತಂದೆಯವರ ಪರೀಕ್ಷೆಯೂ ನನ್ನ ಪುಟಕ್ಕೆ ಬರುತ್ತದೆ. ಬಳಸಿದ ಪಟವನ್ನು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಟ್ಟೆಯ ಬಣ್ಣವನ್ನಲ್ಲ, ಸೂತ್ರಗಳನ್ನು ಹೊಲಿದ ಜಾಗವನ್ನು. ಅಲ್ಲಿ ಹೊಲಿಗೆ ಸಡಿಲವಾಗಿದ್ದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಧಾರವಾಡದಿಂದ:

ತಡವಾಗಿ ಬರೆಯುತ್ತಿದ್ದೇನೆ. ಪವರ್ ಕೈಟಿಗೆ ನನ್ನ ಪದ ‘ಜಗ್ಗುಪಟ’. ನಮ್ಮ ಕಡೆ ಎಳೆಯುವುದಕ್ಕೆ ಜಗ್ಗುವುದು ಎನ್ನುತ್ತೇವೆ. ಇದು ಉತ್ತರ ಕರ್ನಾಟಕದ ಪದ, ಬೇರೆಯವರಿಗೆ ತಿಳಿಯದು ಎನ್ನುವವರಿಗೆ ಒಂದೇ ಉತ್ತರ: ಹಗ್ಗಜಗ್ಗಾಟ. ಅದನ್ನು ಆಡದ ಶಾಲೆ ಕರ್ನಾಟಕದಲ್ಲಿ ಎಲ್ಲಿದೆ? ಎರಡು ಕೈಯಲ್ಲಿ ಹಿಡಿದು, ಹಿಮ್ಮಡಿ ಊರಿ, ಮೈಯನ್ನು ಹಿಂದಕ್ಕೆ ವಾಲಿಸುವುದೆಲ್ಲ ಆ ಪದದ ಒಳಗೇ ಇದೆ. ‘ಎಳೆ’ಯಲ್ಲಿ ಅಷ್ಟು ಭಾರ ಇಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಪಟದ ಬಲ ನಾಲ್ಮಡಿಯಾಗುತ್ತದೆ. ಅಂಥದ್ದಕ್ಕೆ ಸಪ್ಪೆ ಪದ ಸಲ್ಲದು.

ಮೈಸೂರಿನವರು ಅರಿಸಮಾಸ ಎಂದು ಆಕ್ಷೇಪಿಸುವ ಮೊದಲೇ ಹೇಳುತ್ತೇನೆ. ಜಗ್ಗುವುದು + ಪಟ, ಇದು ತೂಗುತೊಟ್ಟಿಲು, ಸುಡುಗಾಡುಗಳ ಸಾಲಿನ ಗಮಕಸಮಾಸ, ಮೊದಲ ಪದ ಕ್ರಿಯೆಯಿಂದ ಬಂದದ್ದು. ಗಮಕದಲ್ಲಿ ಅರಿಸಮಾಸ ದೋಷವಲ್ಲ.

ಹೆಸರಿನ ಮಾತಿಗೆ ಬಂದರೆ, ಈ ಆಟದ ಹಳೆಯ ಹೆಸರೇ ಎರವಲಿನದು. ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಮಾಸ್ತರರಾದ ಜಾರ್ಜ್ ಪೊಕಾಕ್ 1826ರಲ್ಲಿ ಗಾಳಿಪಟದಿಂದ ಎಳೆಯುವ ಬಂಡಿಗೆ ಪೇಟೆಂಟ್ ಪಡೆದರು. ಅವರ ಪಟಕ್ಕೂ ನಾಲ್ಕು ದಾರಗಳೇ. ಸುಂಕದ ಕಟ್ಟೆಗಳಲ್ಲಿ ಕುದುರೆಗಳನ್ನು ಎಣಿಸಿ ಸುಂಕ ವಸೂಲಿ ಮಾಡುತ್ತಿದ್ದರು. ಈ ಬಂಡಿಗೆ ಕುದುರೆಯೇ ಇಲ್ಲದ್ದರಿಂದ ಸುಂಕವೂ ಇಲ್ಲ. ಅದಕ್ಕೆ ಅವರು ಇಟ್ಟ ಹೆಸರು ‘ಶಾರ್‌ವೊಲಾಂ’, ಫ್ರೆಂಚಿನ ಹಾರುವ ರಥ. ಫ್ರೆಂಚರು ಗಾಳಿಪಟಕ್ಕೆ ‘ಸೆರ್‌ವೊಲಾಂ’, ಹಾರುವ ಜಿಂಕೆ, ಎನ್ನುತ್ತಾರೆ. ಎರಡು ಹೆಸರುಗಳ ಉಲಿ ಎಷ್ಟು ಹತ್ತಿರ ನೋಡಿ. ಇಂಗ್ಲಿಷಿನವರಿಗೆ ಗಾಳಿಪಟ ಹದ್ದು, ಜರ್ಮನರಿಗೂ ಡೇನರಿಗೂ ಡ್ರ್ಯಾಗನ್, ಹಿಂದಿಯವರಿಗೆ ಪತಂಗ. ನಾವೂ ತೆಲುಗರೂ ಅದನ್ನು ಪ್ರಾಣಿಯನ್ನಾಗಿಸದೆ, ಇದ್ದದ್ದನ್ನು ಇದ್ದಂತೆಯೇ ಗಾಳಿಯ ಬಟ್ಟೆ ಎಂದೆವು. ಇಷ್ಟು ಒಳ್ಳೆಯ ಪದವನ್ನು ಅರಿಸಮಾಸ ಎಂದು ಮೂಲೆಗೆ ತಳ್ಳುವುದು ನನಗೆ ನೋವು ತರುತ್ತದೆ.

ಬೆಂಗಳೂರಿನಿಂದ:

ಗಾಡಿಗೆ ‘ಗಾಳಿಗಾಲಿ’. ನಾಲಿಗೆಗೆ ಚೆನ್ನಾಗಿದೆ.

ಮೈಸೂರಿನಿಂದ:

ಗಮಕದ ಮಾತು ಸರಿ, ಹಿಂತೆಗೆದುಕೊಂಡೆ. ಆದರೆ ದೋಷವಲ್ಲ ಎಂದ ಮಾತ್ರಕ್ಕೆ ಗುಣವೂ ಅಲ್ಲ. ‘ಪಟ’ ಎಂದರೆ ಇಂದಿನ ಓದುಗನಿಗೆ ಗೋಡೆಯ ಮೇಲಿನ ದೇವರ ಪಟ. ‘ಜಗ್ಗುಪಟ’ವನ್ನು ಬಿಡಿಯಾಗಿ ಕೇಳಿದವನಿಗೆ ಗಾಳಿಯ ಸುಳಿವೇ ಸಿಗದು.

‘ಗಾಳಿಗಾಲಿ’ ಬೇಡವೇ ಬೇಡ. ತೆಲುಗಿನಲ್ಲಿ ‘ಗಾಲಿ’ ಎಂದರೇ ಗಾಳಿ.

ಧಾರವಾಡದವರು ಎರವಲನ್ನು ಹೊಗಳುತ್ತಾರೆ. ಫ್ರೆಂಚಿನಿಂದ ಇಂಗ್ಲಿಷಿಗೆ ಹತ್ತು ಸಾವಿರ ಪದಗಳು ಬಂದರೂ ಇಂಗ್ಲಿಷಿಗೆ ಧಕ್ಕೆ ಇಲ್ಲ, ಅದಕ್ಕೆ ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳೆಲ್ಲ ಇವೆ. ನಮಗೆ ಪದ ಕಟ್ಟಲು ಸಿಗುವ ಅವಕಾಶವೇ ವರ್ಷಕ್ಕೆ ನಾಲ್ಕು. ಅದರಲ್ಲೂ ‘ಬಗ್ಗಿ’ ಇರಲಿ, ‘ಬ್ರೇಕ್’ ಇರಲಿ ಎಂದು ಕೈಚೆಲ್ಲಿದರೆ ನಾಳೆ ಕ್ರಿಯಾಪದಗಳೂ ಹೋಗುತ್ತವೆ.

ಧಾರವಾಡದಿಂದ:

ಬ್ರೇಕ್ ಇರಲಿ ಎಂದು ನಾನು ಎಲ್ಲಿ ಬರೆದೆ? ಓದಿ ಉತ್ತರಿಸಿ.

ಕುಂದಾಪುರದಿಂದ:

ಬಲೆ ಎಳೆಯುವಾಗ ನಾವು ‘ಜಗ್ಗು’ ಎನ್ನುವುದಿಲ್ಲ, ಆದರೂ ‘ಜಗ್ಗುಪಟ’ ಅರ್ಥವಾಗುತ್ತದೆ. ನನ್ನ ಒಪ್ಪಿಗೆ ಇದೆ.

ಹ್ಯಾಂಬರ್ಗ್‌ನಿಂದ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಕರಡನ್ನು ನಾಲ್ಕು ಮಕ್ಕಳಿಂದ ಗಟ್ಟಿಯಾಗಿ ಓದಿಸಿದೆ.

ಮೈಸೂರಿನವರೇ, ‘ಎಳೆದಾರ’, ‘ತಡೆದಾರ’ ಎರಡೂ ಎಡವಿದವು. ಒಬ್ಬಳು ‘ಎಳೆದಾರು’, ‘ತಡೆದಾರು’ ಎಂದು ಓದಿ ಯಾರು ಎಂದು ಕೇಳಿದಳು. ಕೇಳಿದ್ದು ಸರಿಯೇ. ಇನ್ನೊಬ್ಬನಿಗೆ ‘ಎಳೆದಾರ’ ಎಂದರೆ ಒಂದೆಳೆಯ ದಾರ. ಹಾಗಾಗಿ ‘ಮೇಲ್ದಾರ’, ‘ಕೆಳದಾರ’ ಎಂದು ಮಾಡಿದ್ದೇನೆ. ಹಿಡಿಯ ಮೇಲ್ತುದಿ ಮತ್ತು ಕೆಳತುದಿಯಿಂದ ಅವು ಹೊರಡುವುದರಿಂದ ಕಣ್ಣಿಗೂ ಕಾಣುತ್ತದೆ. “ಕೆಳದಾರ ಎಳೆ” ಎಂದು ಕೂಗಿದರೆ ಕಾಲು ಏನನ್ನೂ ಹುಡುಕುವುದಿಲ್ಲ. ‘ಗಾಳಿಗಾಲಿ’ ಹಾಡಿನಂತಿದೆ, ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಲಕಾರ ಳಕಾರಗಳ ಭೇದ ಇನ್ನೂ ಕಿವಿಗೆ ಕೂತಿಲ್ಲ. ಗಾಡಿಗೆ ‘ಪಟದ ಬಂಡಿ’ ಎಂದೇ ಬರೆದೆ. ಬಗ್ಗಿ ಎಂದರೆ ಅವರ ಅಜ್ಜಿಯಂದಿರಿಗೆ ಕುದುರೆ ಕಾಣುತ್ತದೆ. ‘ಗಾಳಿಕಿಟಕಿ’ಗೆ ಬದಲು ‘ಗಾಳಿಯಂಗಳ’. ಅದರಲ್ಲಿ ನಡು, ಅಂಚು, ನೆತ್ತಿ.

ಅಚ್ಚಿಗೆ ಕೊಡುವ ಭಾಗ ಇದು:

“ಮೊದಲ ಜಗ್ಗುಪಟ 3 ಚದರ ಮೀಟರಿನ ಆಸುಪಾಸಿನದಾಗಿರಲಿ, ನಾಲ್ಕು ದಾರದ್ದಾಗಿರಲಿ. ಉದ್ದವಾಗಿ ಕಿರಿದಾದ ಪಟ ವೇಗವಾಗಿ ಓಡುತ್ತದೆ, ಆದರೆ ನೆತ್ತಿಯನ್ನು ದಾಟಿ ಮುಂದೆ ನುಗ್ಗಿ ಜೋಲು ಬೀಳುತ್ತದೆ. ಕಲಿಯುವವರಿಗೆ ಗಿಡ್ಡಗೆ ಅಗಲವಾದದ್ದೇ ಮೇಲು. ಬಳಸಿದ್ದನ್ನು ಕೊಳ್ಳುವುದಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಸೂಜಿತೂತುಗಳನ್ನು ನೋಡಿ. ನಾಲ್ಕು ದಾರಗಳನ್ನೂ ಒಂದೇ ಗೂಟಕ್ಕೆ ಸಿಕ್ಕಿಸಿ ಜಗ್ಗಿ ಹಿಡಿಯಿರಿ. ಮೇಲ್ದಾರಗಳೆರಡೂ ಸರಿಸಮ ಇರಬೇಕು, ಕೆಳದಾರಗಳೆರಡೂ ಸರಿಸಮ ಇರಬೇಕು. ದಾರದ ಮೇಲೆ ಉಳಿಸಿದ ದುಡ್ಡು ಉಳಿತಾಯವಲ್ಲ. ಬಂಡಿ ಹತ್ತುವ ಮೊದಲು ನೆಲದ ಮೇಲೆ ನಿಂತೇ ಹಾರಿಸಿ ಕಲಿಯಿರಿ. ಪಟವನ್ನು ಗಾಳಿಯಂಗಳದ ಅಂಚಿನಲ್ಲಿ ಎಬ್ಬಿಸಿ, ನಡುವಿನಲ್ಲಿ ಎಂದೂ ಅಲ್ಲ. ನಡುವಿನಲ್ಲಿ ಅದರ ಜಗ್ಗು ಅತಿ ಹೆಚ್ಚು. ಮುಂಗೈಪಟ್ಟಿ ಕಟ್ಟಿಕೊಳ್ಳದೆ ಹಿಡಿಗಳನ್ನು ಮುಟ್ಟಬೇಡಿ. ಕೈಮೀರಿತು ಎನ್ನಿಸಿದಾಗ ಎರಡೂ ಹಿಡಿಗಳನ್ನು ಬಿಟ್ಟುಬಿಡಿ: ಮುಂಗೈಪಟ್ಟಿ ಕೆಳದಾರಗಳನ್ನು ಹಿಡಿದುಕೊಳ್ಳುತ್ತದೆ, ಪಟ ಬಲ ಕಳೆದುಕೊಂಡು ನೆಲಕ್ಕೆ ಇಳಿಯುತ್ತದೆ. ಬಂಡಿ ಓಡುವಾಗ ಪಾದಗಳನ್ನು ನೆಲಕ್ಕೆ ಊರಬೇಡಿ.”

ಕೊನೆಯ ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ದೊಡ್ಡಬಳ್ಳಾಪುರದಿಂದ:

“ಜಗ್ಗಿ ಹಿಡಿಯಿರಿ” ಎನ್ನುವಲ್ಲಿ ಗೂಟ ಗಟ್ಟಿಯಾಗಿರಲಿ ಎಂದೂ ಸೇರಿಸಿ. ಶನಿವಾರದ ಚಿತ್ರಗಳನ್ನು ಕಳುಹಿಸಿ, ಸೂತ್ರಗಳು ಹತ್ತಿರದಿಂದ ಕಾಣುವ ಹಾಗೆ.

ಮೈಸೂರಿನಿಂದ:

‘ಮೇಲ್ದಾರ’, ‘ಕೆಳದಾರ’ ಚೆನ್ನಾಗಿವೆ, ಒಪ್ಪಿದೆ. ‘ಜಗ್ಗುಪಟ’ಕ್ಕೆ ನನ್ನ ವಿರೋಧ ದಾಖಲಾಗಿರಲಿ.