ರೋಟರಿ ಆಕ್ಸಿಸ್‌ಗೆ ಕಡಿಮೆ ದುಡ್ಡಿನ ಕ್ಯಾಮ್ ಯಾವುದು? – ಪ್ರಶ್ನೋತ್ತರ

ಅಡ್ಮಿನ್: ಪೀಣ್ಯದಲ್ಲಿ ಫೈವ್-ಆಕ್ಸಿಸ್ (ಐದು ಬಗೆಯಲ್ಲಿ ಚಲಿಸುವ ಮಷೀನಿನ) ಪ್ರೋಗ್ರಾಮಿಂಗ್ ಮಾಡುವ ನಮ್ಮ ಸದಸ್ಯರೊಬ್ಬರು ಇವತ್ತು ಉತ್ತರ ಕೊಡ್ತಾರೆ. ಮನೆಯಲ್ಲೇ ಕಟ್ಟಿದ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೆತ್ತನೆ) ಮಷೀನಿನ ಟೂಲ್‌ಪಾತ್, ಅಂದರೆ ಬಿಟ್ ಸಾಗುವ ದಾರಿ, ಮತ್ತು ಅದನ್ನು ಬರೆಯುವ ಕ್ಯಾಮ್ ಸಾಫ್ಟ್‌ವೇರ್ ವಿಷಯ ಮಾತ್ರ ಕೇಳಿ.

ಹಾಸನದ ಸದಸ್ಯ: ಸಾರ್, ಫ್ಯೂಶನ್ ಕ್ಯಾಮ್ ಸಾಫ್ಟ್‌ವೇರಿನ ಉಚಿತ ಲೈಸೆನ್ಸಲ್ಲಿ ನಾಲ್ಕನೇ ಆಕ್ಸಿಸ್ (ವಸ್ತುವನ್ನು ತಿರುಗಿಸೋ ರೋಟರಿ) ಬರುತ್ತಾ?

ಪ್ರೋಗ್ರಾಮರ್: ಬರಲ್ಲ. 2020ರ ಅಕ್ಟೋಬರಿನಲ್ಲೇ ಪರ್ಸನಲ್ ಲೈಸೆನ್ಸಿನಿಂದ ಮಲ್ಟಿ-ಆಕ್ಸಿಸ್ ತೆಗೆದರು. ರಾಪಿಡ್ ಚಲನೆಯೂ (ಕಡಿಯದೆ ವೇಗವಾಗಿ ಸಾಗೋದು) ಹೋಯ್ತು. ಮೂರು ಆಕ್ಸಿಸ್ ಕೆಲಸಕ್ಕೆ ಈಗಲೂ ಚೆನ್ನಾಗಿದೆ.

ಸಾಗರದ ಸದಸ್ಯ: ತೇಗದ ಕಂಬಕ್ಕೆ ಬಳ್ಳಿ ಕೆತ್ತನೆ ಮಾಡ್ತಿದ್ದೆ. 80 ಮಿ.ಮೀ. ವ್ಯಾಸ, ಮಷೀನ್ ನಡೆಸೋದು ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್, ಕಂಬ ತಿರುಗಿಸೋ ಎ ಆಕ್ಸಿಸ್ ನಾನೇ ಮಾಡಿದ್ದು. ಟೂಲ್‌ಪಾತ್ ಬ್ಲೆಂಡರಿನ ಕ್ಯಾಮ್ ಆಡ್-ಆನ್‌ದು, ಪೋಸ್ಟ್ (ಟೂಲ್‌ಪಾತನ್ನು ಮಷೀನಿಗೆ ಅರ್ಥವಾಗೋ ಜಿ-ಕೋಡ್ ಆದೇಶಕ್ಕೆ ಬದಲಿಸೋ ಫೈಲ್) ವಾಟ್ಸಾಪಲ್ಲಿ ಬಂದದ್ದು. ಎಲೆಯ ತುದಿಗೆ ಬಂದಾಗ ಕಂಬ ಹಿಡಿದ ಚಕ್ ಒಮ್ಮೆಲೇ ಗಿರಕ್ಕಂತ ತಿರುಗಿ ಬಿಟ್ ಮುರಿದು ಮುಖದ ಪಕ್ಕದಲ್ಲೇ ಹಾರಿತು. ಫೀಡ್ (ಬಿಟ್ ಮುಂದೆ ಸಾಗೋ ವೇಗ) ಅರ್ಧ ಮಾಡಿ ಅಂತ ಎಲ್ಲರೂ ಫಾರ್ವರ್ಡ್ ಕಳಿಸ್ತಿದ್ದಾರೆ.

ಪ್ರೋಗ್ರಾಮರ್: ಮಷೀನ್ ಆಫ್ ಮಾಡಿ, ಪೂರ್ತಿ ಓದಿ. ಫೀಡ್ ಅರ್ಧ ಮಾಡಿದರೆ ಇದು ಹೋಗಲ್ಲ.

ಜಿ-ಕೋಡಿನ ಒಂದೇ ಸಾಲಿನಲ್ಲಿ ಎಕ್ಸ್‌ವೈಝಡ್ (ಮೂರು ನೇರ ಆಕ್ಸಿಸ್) ಜೊತೆ ಎ ಕೂಡ ಚಲಿಸಿದರೆ ಲಿನಕ್ಸ್‌ಸಿಎನ್‌ಸಿ ಎಫ್ (ಫೀಡ್) ಅನ್ನು ಎಕ್ಸ್‌ವೈಝಡ್ ದೂರಕ್ಕೆ ಮಾತ್ರ ಲೆಕ್ಕ ಹಾಕುತ್ತೆ. ಎ ಅಷ್ಟೇ ಸಮಯದಲ್ಲಿ ಮುಗಿಸಬೇಕು. ಎಲೆಯ ತುದಿಯಲ್ಲಿ ಎಕ್ಸ್ 0.1 ಮಿ.ಮೀ., ಎ 10 ಡಿಗ್ರಿ, ಎಫ್500 (ನಿಮಿಷಕ್ಕೆ 500 ಮಿ.ಮೀ.) ಅಂದುಕೊಳ್ಳಿ. ಸಿಗೋ ಸಮಯ 0.012 ಸೆಕೆಂಡ್. ಅಷ್ಟರಲ್ಲಿ ನಿಮ್ಮ ಕಂಬದ ಮೇಲ್ಮೈ 7 ಮಿ.ಮೀ. ಜರುಗಬೇಕು. ಮೋಟರ್ ತನ್ನ ಮಿತಿಯಷ್ಟು ವೇಗಕ್ಕೆ ಹಾರುತ್ತೆ, ಬಿಟ್ ಮುರಿಯುತ್ತೆ. ಎಫ್250 ಕೊಟ್ಟರೆ 0.024 ಸೆಕೆಂಡ್. ಏನು ಉಪಯೋಗ?

ಪರಿಹಾರ ಜಿ93, ಇನ್ವರ್ಸ್ ಟೈಮ್ ಫೀಡ್. ಅದರಲ್ಲಿ ಎಫ್ ಅಂದರೆ ಆ ಚಲನೆ ಮುಗಿಯಲು ಬೇಕಾದ ನಿಮಿಷದ ವಿಲೋಮ. ಮೇಲ್ಮೈಯಲ್ಲಿ ನಿಮಿಷಕ್ಕೆ 500 ಮಿ.ಮೀ. ಬೇಕೆಂದರೆ 7 ಮಿ.ಮೀ.ಗೆ 0.014 ನಿಮಿಷ, ಅಂದರೆ ಸುಮಾರು ಎಫ್71. ಪ್ರತಿ ಕಟಿಂಗ್ ಸಾಲಿಗೂ ಎಫ್ ಬರೆಯಲೇಬೇಕು. ಕೊನೆಗೆ ಜಿ94ಕ್ಕೆ (ಸಾಮಾನ್ಯ ಫೀಡ್) ವಾಪಸ್. ಇದನ್ನು ಮಾಡದ ಪೋಸ್ಟ್ ಯಾರು ಕಳಿಸಿದ್ದರೂ ಡಿಲೀಟ್ ಮಾಡಿ. ಯಾವನೋ ತನ್ನ ಮಷೀನಿಗೆ ಬರೆದ ಪೋಸ್ಟನ್ನು ನೂರು ಜನ ಫಾರ್ವರ್ಡ್ ಮಾಡೋದು ಅಪಾಯ, ಎಷ್ಟು ಸಲ ಹೇಳೋದು?

ದಾವಣಗೆರೆಯ ಸದಸ್ಯ: ಎ ಆಕ್ಸಿಸ್‌ಗೆ ಹಾರ್ಮೋನಿಕ್ ಡ್ರೈವ್ (ಒಂದು ಬಗೆಯ ಗೇರ್) ಸೆಕೆಂಡ್ ಹ್ಯಾಂಡ್ ತಗೋಬಹುದಾ ಸಾರ್?

ತುಮಕೂರಿನ ಸದಸ್ಯ: ಇಷ್ಟೆಲ್ಲ ಲೆಕ್ಕ ಯಾಕೆ? ಮಷೀನ್ ನಡೆಸೋಕೆ ಮ್ಯಾಕ್3 ಸಾಫ್ಟ್‌ವೇರ್ ಹಾಕಿ. ಒಳ್ಳೆ ಕ್ಯಾಮ್‌ದು ಕ್ರ್ಯಾಕ್ ಇದೆ, ಆ್ಯಂಟಿವೈರಸ್ ಆಫ್ ಮಾಡಿದ್ರೆ ಇನ್‌ಸ್ಟಾಲ್ ಆಗುತ್ತೆ.

ಮಂಗಳೂರಿನ ಸದಸ್ಯ: ಕದ್ದ ಮಾಲನ್ನ ಇಲ್ಲಿ ಹಂಚ್ಬೇಡಿ ಮಾರಾಯ್ರೆ. ಉಚಿತ ಸಾಫ್ಟ್‌ವೇರ್ ಫ್ರೀಕ್ಯಾಡ್ ಇದೆಯಲ್ಲ?

ತುಮಕೂರಿನ ಸದಸ್ಯ: ನಿಮ್ಮ ಫ್ರೀಕ್ಯಾಡಲ್ಲಿ ಒಂದು ರೋಟರಿ ಕೆಲಸ ಮಾಡಿ ತೋರಿಸಿ ನೋಡೋಣ.

ಮಂಗಳೂರಿನ ಸದಸ್ಯ: ನೀವು ಒಂದು ಲೈಸೆನ್ಸ್ ತಗೊಂಡು ತೋರಿಸಿ.

ಪ್ರೋಗ್ರಾಮರ್: ಇಬ್ಬರೂ ಸಾಕು. ಕ್ರ್ಯಾಕ್ ಹಾಕಿದ ಕಂಪ್ಯೂಟರೇ ನಾಳೆ ಬಿಟ್ ತಿರುಗಿಸೋ ಸ್ಪಿಂಡಲ್ ಆನ್ ಮಾಡೋದು, ಅದು ನೆನಪಿರಲಿ. ಫ್ರೀಕ್ಯಾಡ್ 1.0ರಲ್ಲಿ ಟೂಲ್‌ಪಾತ್ ಮಾಡೋ ಪಾತ್ ವರ್ಕ್‌ಬೆಂಚಿಗೆ (ಆ ಕೆಲಸದ ವಿಭಾಗಕ್ಕೆ) ಕ್ಯಾಮ್ ಅಂತ ಹೆಸರಾಗಿದೆ. ಮೂರು ಆಕ್ಸಿಸ್‌ಗೆ ನಂಬಬಹುದು, ಸತತ ರೋಟರಿಗೆ ಇನ್ನೂ ಕೈಗೆ ಬಂದಿಲ್ಲ. ದುಡ್ಡು ಕೊಡ್ತೀರಾದರೆ ಡೆಸ್ಕ್‌ಪ್ರೊಟೊದ ಮಲ್ಟಿ-ಆಕ್ಸಿಸ್ ಆವೃತ್ತಿ ನೋಡಿ. ಮೊದಲು ಟ್ರಯಲ್ ಹಾಕಿ ನಿಮ್ಮದೇ ಮಾದರಿಯ ಜಿ-ಕೋಡ್ ತೆಗೆದು ಓದಿ, ಆಮೇಲೆ ದುಡ್ಡು.

ಮೈಸೂರಿನ ಸದಸ್ಯ: ಟ್ರನಿಯನ್ (ಓರೆಯಾಗಿ ಬಾಗಿ ತಿರುಗೋ ಮೇಜು) ಕಟ್ಟಿದ್ದೇನೆ, ಕಂಟ್ರೋಲರ್ ಅರ್ಡುಯಿನೋ ಬೋರ್ಡ್ ಮೇಲಿನ ಗರ್ಬಲ್ ಪ್ರೋಗ್ರಾಂ. ಉಚಿತ ಫೈವ್-ಆಕ್ಸಿಸ್ ಸಾಫ್ಟ್‌ವೇರ್ ಹೇಳಿ.

ಪ್ರೋಗ್ರಾಮರ್: ಮೂಲ ಗರ್ಬಲ್ ಮೂರೇ ಆಕ್ಸಿಸ್. ಲಿನಕ್ಸ್‌ಸಿಎನ್‌ಸಿಯಲ್ಲಿ ಟ್ರನಿಯನ್ನಿಗೆಂದೇ ಕೈನೆಮ್ಯಾಟಿಕ್ಸ್ (ಆಕ್ಸಿಸ್‌ಗಳ ಚಲನೆ ಲೆಕ್ಕ ಹಾಕೋ) ಮಾಡ್ಯೂಲ್ ಇದೆ, ಎಕ್ಸ್‌ವೈಝಡ್‌ಎಸಿ-ಟಿಆರ್‌ಟಿ-ಕಿನ್ಸ್. ಅದಿಲ್ಲದಿದ್ದರೆ ಪ್ರತಿ ಮುಖವನ್ನು ತಿರುಗಿಸಿ ಲಾಕ್ ಮಾಡಿ, ಜಿ54, ಜಿ55 ಅಂತ ಬೇರೆ ಬೇರೆ ಸೊನ್ನೆ (ಅಳತೆ ಶುರುವಾಗೋ ಬಿಂದು) ಹಿಡಿದು ಮೂರು ಆಕ್ಸಿಸ್ ಕ್ಯಾಮಿನಿಂದಲೇ ಕಡಿಯಿರಿ. ಮನೆಯ ಬಹುಪಾಲು ಕೆಲಸಕ್ಕೆ ಅದು ಸಾಕು.

ಬೆಳಗಾವಿಯ ಸದಸ್ಯ: ಸರ್, ಫ್ರೀ ಫೈವ್-ಆಕ್ಸಿಸ್ ಸಾಫ್ಟ್‌ವೇರ್ ಯಾವುದೈತ್ರಿ?

ಪ್ರೋಗ್ರಾಮರ್: ಮೇಲೆ ಓದಿ.

ದಾವಣಗೆರೆಯ ಸದಸ್ಯ: ಹಾರ್ಮೋನಿಕ್ ಡ್ರೈವ್ ಕೇಳಿದ್ದೆ...

ತುಮಕೂರಿನ ಸದಸ್ಯ: ಒಬ್ಬರಿಗೆ ಪುಟಗಟ್ಟಲೆ ಬರೀತಾರೆ, ಉಳಿದವರಿಗೆ ಒಂದು ಸಾಲು.

ಪ್ರೋಗ್ರಾಮರ್: ಬಿಟ್ ಹಾರಿದ್ದು ಅವರ ಮುಖದ ಪಕ್ಕ. ಅದಕ್ಕೇ ಬರೆದೆ.

ಸಾಗರದ ಸದಸ್ಯ: ಅಣ್ಣಾ, ಜಿ93 ಪೋಸ್ಟ್ ಸಿದ್ಧ ಮಾಡೋವರೆಗೆ ಏನು ಮಾಡಲಿ?

ಪ್ರೋಗ್ರಾಮರ್: ಕಂಬ ತೆಗೆದಿಡಿ. ಲಿನಕ್ಸ್‌ಸಿಎನ್‌ಸಿಯ ಐಎನ್‌ಐ (ಸೆಟ್ಟಿಂಗ್) ಫೈಲಿನಲ್ಲಿ ಎ ಆಕ್ಸಿಸ್‌ನ ಮ್ಯಾಕ್ಸ್ ವೆಲಾಸಿಟಿ ಇಳಿಸಿ, ಅದು ಸೆಕೆಂಡಿಗೆ ಡಿಗ್ರಿ ಲೆಕ್ಕ. ಹೊಸ ಕೋಡ್ ಬಂದ ಮೇಲೆ ಮೊದಲು ಬಿಟ್ ಇಲ್ಲದೆ, ಆಮೇಲೆ ಫೋಮಿನಲ್ಲಿ ಓಡಿಸಿ. ಕನ್ನಡಕ ಹಾಕಿಕೊಳ್ಳಿ, ಕೈ ಎಮರ್ಜೆನ್ಸಿ ಸ್ಟಾಪ್ ಮೇಲಿರಲಿ. ಜಿ-ಕೋಡಿನ ಮೊದಲ ಐವತ್ತು ಸಾಲು ಇಲ್ಲಿ ಹಾಕಿ, ನಾನು ನೋಡೋ ತನಕ ತೇಗ ಮುಟ್ಟಬೇಡಿ.