ಐಬಿಎಸ್ ಪ್ರಶ್ನಾವಳಿಗಳ ಜಪಾನೀ ಆವೃತ್ತಿ: ‘ಸಿಂಧು’ ಎಂದರೆ ಎಷ್ಟರ ಮಟ್ಟಿಗೆ?

ಪ್ರಶ್ನೆ (ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಮ್ಮ ವಿಭಾಗದ ಜರ್ನಲ್ ಕ್ಲಬ್‌ನಲ್ಲಿ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಹೊಟ್ಟೆನೋವಿನ ಜೊತೆ ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಪ್ರಶ್ನಾವಳಿಗಳ ಜಪಾನೀ ಆವೃತ್ತಿಗಳ ಬಗ್ಗೆ ಮಾತನಾಡುವ ಸರದಿ ನನ್ನದು. ಸೆಂಡೈನ ತೊಹೊಕು ವಿಶ್ವವಿದ್ಯಾಲಯದ ಶಿನ್ ಫುಕುಡೊ ಅವರ ತಂಡದವರು 2006ರಲ್ಲಿ ರೋಮ್ 2 (ಐಬಿಎಸ್ ಗುರುತಿಸುವ ಅಂತರರಾಷ್ಟ್ರೀಯ ‘ರೋಮ್’ ಮಾನದಂಡದ ಎರಡನೆಯ ಆವೃತ್ತಿ) ಪ್ರಶ್ನಾವಳಿಯನ್ನೂ ಐಬಿಎಸ್ ತೀವ್ರತಾ ಸೂಚಿಯನ್ನೂ, 2007ರಲ್ಲಿ 34 ಪ್ರಶ್ನೆಗಳ ಜೀವನ ಗುಣಮಟ್ಟದ ಅಳತೆಯನ್ನೂ, 2015ರಲ್ಲಿ ರೋಮ್ 3 ಪ್ರಶ್ನಾವಳಿಯನ್ನೂ ಜಪಾನೀ ಭಾಷೆಯಲ್ಲಿ ಪರೀಕ್ಷಿಸಿದ್ದಾರೆ. ಅನುವಾದ, ಮೂಲ ನೋಡದವರಿಂದ ಮರು ಅನುವಾದ, ತಜ್ಞರ ಪರಿಶೀಲನೆ, ಕೆಲವು ರೋಗಿಗಳ ಮೇಲೆ ಪ್ರಾಯೋಗಿಕ ಬಳಕೆ ಎಂಬ ಕ್ರಮ ನನಗೆ ಅರ್ಥವಾಗಿದೆ. ಅರ್ಥವಾಗದೇ ಉಳಿದಿರುವುದು ಅದರ ನಂತರದ ಅಂಕಿಅಂಶಗಳ ಭಾಗ. ಆಸ್ಪತ್ರೆಯ ಐಬಿಎಸ್ ರೋಗಿಗಳನ್ನೂ ಹೊಟ್ಟೆಯ ತೊಂದರೆ ಇಲ್ಲದವರನ್ನೂ ಹೋಲಿಸಿ ಪ್ರಶ್ನಾವಳಿ ಇಬ್ಬರನ್ನೂ ಬೇರ್ಪಡಿಸಿತು ಎಂದು ತೋರಿಸಿದರೆ, ಅದು ಇಡೀ ಜಪಾನಿನ ರೋಗಿಗಳಿಗೆ ಸಿಂಧುವಾಯಿತು, ಅಂದರೆ ಅಳೆಯಬೇಕಾದುದನ್ನೇ ಅಳೆಯುತ್ತದೆ ಎನ್ನಬಹುದೇ? ದಿನದಿಂದ ದಿನಕ್ಕೆ ಏರಿಳಿಯುವ ಕಾಯಿಲೆಯಲ್ಲಿ ಒಂದೇ ಪ್ರಶ್ನಾವಳಿಯನ್ನು ಎರಡು ಬಾರಿ ತುಂಬಿಸಿ ಉತ್ತರಗಳು ಹೊಂದುತ್ತವೆಯೇ ಎಂದು ನೋಡುವುದರಲ್ಲಿ ಏನು ಅರ್ಥವಿದೆ? ಮೂಲ ತೀವ್ರತಾ ಸೂಚಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರೋಗಿಗಳಿಂದ ಬಂದ ತೀವ್ರತೆಯ ಗಡಿಗಳು ಸೆಂಡೈನ ರೋಗಿಗಳಿಗೂ ಒಪ್ಪುತ್ತವೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಜೈವಿಕ ಸಂಖ್ಯಾಶಾಸ್ತ್ರದ ಅಧ್ಯಾಪಕ)

ಮೂರೂ ಒಳ್ಳೆಯ ಪ್ರಶ್ನೆಗಳು. ಮೊದಲನೆಯದಕ್ಕೆ ನನ್ನ ನೇರ ಉತ್ತರ: ಎನ್ನಲಾಗದು. ಸಿಂಧುತ್ವ ಪ್ರಶ್ನಾವಳಿಗೆ ಅಂಟಿಕೊಂಡ ಗುಣವಲ್ಲ; ಯಾರ ಮೇಲೆ, ಯಾವ ಉದ್ದೇಶಕ್ಕೆ ಅದನ್ನು ಬಳಸುತ್ತೇವೆ ಎಂಬುದಕ್ಕೆ ಸೇರಿದ ಗುಣ. ಆರೋಗ್ಯವಂತರನ್ನೂ ವರ್ಷಗಟ್ಟಲೆ ಹೊಟ್ಟೆನೋವು ಅನುಭವಿಸಿ ಆಸ್ಪತ್ರೆಗೆ ಬಂದವರನ್ನೂ ಬೇರ್ಪಡಿಸುವುದು ಸುಲಭದ ಪರೀಕ್ಷೆ. ಕಷ್ಟದ ಪರೀಕ್ಷೆ ಇರುವುದು ಅಜೀರ್ಣದ ರೋಗಿ, ಕರುಳಿನ ಉರಿಯೂತದ ರೋಗಿ, ಬರೀ ಮಲಬದ್ಧತೆಯ ರೋಗಿ ಒಂದೇ ಸಾಲಿನಲ್ಲಿ ಕುಳಿತಿರುವ ಹೊರರೋಗಿ ವಿಭಾಗದಲ್ಲಿ. ಎರಡು ತುದಿಗಳಲ್ಲಿರುವವರನ್ನು ಮಾತ್ರ ಆರಿಸಿಕೊಂಡರೆ ಸೆನ್ಸಿಟಿವಿಟಿ (ರೋಗ ಇರುವವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ), ಸ್ಪೆಸಿಫಿಸಿಟಿ (ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಡುತ್ತದೆ) ಎರಡೂ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತವೆ.

ಲೆಕ್ಕ ಹಾಕಿ ನೋಡೋಣ; ಸಂಖ್ಯೆಗಳು ನನ್ನ ಕಲ್ಪನೆಯವು. ಎರಡೂ ಶೇ. 90 ಇರುವ ಪ್ರಶ್ನಾವಳಿಯನ್ನು ಒಂದು ಕಂಪನಿಯ ವಾರ್ಷಿಕ ಆರೋಗ್ಯ ತಪಾಸಣೆಗೆ ಬಂದ 1,000 ಮಂದಿಗೆ ಕೊಟ್ಟೆವು, ಅವರಲ್ಲಿ 100 ಮಂದಿಗೆ ನಿಜವಾಗಿ ಐಬಿಎಸ್ ಇದೆ ಎಂದುಕೊಳ್ಳಿ. ಆ ನೂರರಲ್ಲಿ 90 ಮಂದಿ ಸಿಗುತ್ತಾರೆ, ಆದರೆ ಉಳಿದ 900ರಲ್ಲೂ 90 ಮಂದಿ ರೋಗಿಗಳೆಂದು ಗುರುತಾಗುತ್ತಾರೆ. ಅಂದರೆ ‘ಐಬಿಎಸ್’ ಎಂದು ಬಂದವರಲ್ಲಿ ಅರ್ಧದಷ್ಟು ಮಂದಿಗೆ ಅದು ಇಲ್ಲ. ಆಸ್ಪತ್ರೆಯಲ್ಲಿ ಚೆನ್ನಾಗಿ ನಡೆದ ಪ್ರಶ್ನಾವಳಿ ಸಮೀಕ್ಷೆಯಲ್ಲಿ ಎಡವುವುದು ಹೀಗೆ, ಅನುವಾದದಲ್ಲಿ ಒಂದಕ್ಷರದ ದೋಷವಿಲ್ಲದಿದ್ದರೂ. ಇನ್ನೊಂದು ತೊಡಕೂ ಇದೆ. ಐಬಿಎಸ್‌ಗೆ ರಕ್ತಪರೀಕ್ಷೆಯಂಥ ಸ್ವತಂತ್ರ ಆಧಾರವಿಲ್ಲದ ಕಾರಣ, ವೈದ್ಯರ ರೋಗನಿರ್ಣಯವನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬೇಕಾಗುತ್ತದೆ. ವೈದ್ಯರೂ ರೋಮ್ ಮಾನದಂಡವನ್ನೇ ಮನಸ್ಸಿನಲ್ಲಿಟ್ಟುಕೊಂಡು ನಿರ್ಣಯಿಸಿದ್ದರೆ, ನಾವು ಅಳೆಯುತ್ತಿರುವುದು ಒಂದೇ ಮಾನದಂಡದ ಎರಡು ಬಗೆಯ ಪ್ರಯೋಗಗಳ ನಡುವಿನ ಹೊಂದಾಣಿಕೆಯನ್ನಷ್ಟೇ.

ಎರಡನೆಯ ಪ್ರಶ್ನೆಗೆ ಬರುವಾಗ, ಪ್ರಶ್ನಾವಳಿ ಎಷ್ಟು ಹಿಂದಿನ ಕಾಲವನ್ನು ಕೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ರೋಮ್ 3 ಕಳೆದ ಮೂರು ತಿಂಗಳನ್ನು ಕೇಳುತ್ತದೆ. ಎರಡು ವಾರದ ನಂತರ ಮತ್ತೆ ಕೇಳಿದರೂ ಹೆಚ್ಚುಕಡಿಮೆ ಅದೇ ಅವಧಿಯ ಬಗ್ಗೆ ಕೇಳಿದಂತಾಗುತ್ತದೆ, ಆದ್ದರಿಂದ ಉತ್ತರಗಳು ಹೊಂದಲೇಬೇಕು. ತೀವ್ರತಾ ಸೂಚಿ ಸದ್ಯದ ಸ್ಥಿತಿಯನ್ನು ಕೇಳುತ್ತದೆ, ನೋವಿನ ದಿನಗಳನ್ನೂ ಹತ್ತು ದಿನಕ್ಕೆ ಎಷ್ಟು ಎಂದು ಎಣಿಸುತ್ತದೆ. ಎರಡು ವಾರದಲ್ಲಿ ರೋಗಿಯೇ ಬದಲಾಗಿರಬಹುದು. ಹೀಗಾಗಿ ಮೊದಲನೆಯದರಲ್ಲಿ ಹೊಂದಾಣಿಕೆ ಕಡಿಮೆಯಿದ್ದರೆ ಪ್ರಶ್ನಾವಳಿಯನ್ನು ಶಂಕಿಸಬೇಕು. ಎರಡನೆಯದರಲ್ಲಿ ಕಡಿಮೆಯಿದ್ದರೆ ತಕ್ಷಣ ಹಾಗೆನ್ನಲಾಗದು. ‘ಕಳೆದ ಬಾರಿಗಿಂತ ನಿಮ್ಮ ತೊಂದರೆ ಹೆಚ್ಚಿದೆಯೇ, ಕಡಿಮೆಯಾಗಿದೆಯೇ, ಹಾಗೆಯೇ ಇದೆಯೇ’ ಎಂದು ಪ್ರತ್ಯೇಕವಾಗಿ ಕೇಳಿ, ಹಾಗೆಯೇ ಇದೆ ಎಂದವರಲ್ಲಿ ಮಾತ್ರ ಲೆಕ್ಕ ಹಾಕುವುದು ಸರಿಯಾದ ದಾರಿ. ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬ ಅಳತೆ) 0.7 ದಾಟಿತೆಂದು ಸಮಾಧಾನಪಡುವ ಪರಿಪಾಠದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಒಂದೇ ಮಾತನ್ನು ನಾಲ್ಕು ರೀತಿಯಲ್ಲಿ ಕೇಳಿದರೂ ಆಲ್ಫಾ ಏರುತ್ತದೆ.

ಉತ್ತರ 2 (ಜೀರ್ಣಾಂಗ ತಜ್ಞೆ)

ಮೇಲಿನ ಸರ್ ಹೇಳಿದ್ದಕ್ಕೆ ಜಪಾನಿನ ಸಂದರ್ಭವನ್ನು ಸೇರಿಸುತ್ತೇನೆ. ಅಲ್ಲಿ ಮನಸ್ಸು ಮತ್ತು ದೇಹ ಎರಡನ್ನೂ ಒಟ್ಟಿಗೆ ನೋಡುವ ‘ಶಿನ್ರ್ಯೊ ನೈಕಾ’ ಎಂಬ ಪ್ರತ್ಯೇಕ ವಿಭಾಗ ಕ್ಯೂಶು ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಆರಂಭವಾಗಿ, 1996ರಲ್ಲಿ ಆಸ್ಪತ್ರೆಗಳು ಫಲಕದಲ್ಲಿ ಹಾಕಿಕೊಳ್ಳಬಹುದಾದ ಅಧಿಕೃತ ವಿಭಾಗವಾಯಿತು. ಐಬಿಎಸ್ ರೋಗಿಗಳಲ್ಲಿ ಒಂದು ಪಾಲು ಅಂಥ ಚಿಕಿತ್ಸಾಲಯಗಳಿಗೆ ಹೋಗುತ್ತದೆ. ಅಲ್ಲಿಗೆ ತಲುಪಿದವರಲ್ಲಿ ಆತಂಕ, ಖಿನ್ನತೆ ಹೆಚ್ಚಿರುವುದು ಸಹಜ. ಆದ್ದರಿಂದ ಅವರಲ್ಲಿ ಹೊಟ್ಟೆಯ ಲಕ್ಷಣಗಳ ಅಂಕವೂ ಆತಂಕದ ಅಂಕವೂ ಜೊತೆಯಾಗಿ ಏರುವುದನ್ನು ಕಂಡಾಗ, ಅದರಲ್ಲಿ ರೋಗದ ಸ್ವಭಾವ ಎಷ್ಟು, ಆಯ್ಕೆಯ ಪರಿಣಾಮ ಎಷ್ಟು ಎಂದು ಕೇಳಿಕೊಳ್ಳಬೇಕು. ಹೊಟ್ಟೆಯ ಬಗೆಗಿನ ಆತಂಕವನ್ನು ಅಳೆಯುವ 15 ಪ್ರಶ್ನೆಗಳ ಸೂಚಿಯ ಜಪಾನೀ ಆವೃತ್ತಿಯನ್ನು 2014ರಲ್ಲಿ ಪರೀಕ್ಷಿಸಿದ್ದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ. ಅದನ್ನು ಅರವತ್ತು ದಾಟಿದ ರೋಗಿಗೆ ಹಾಗೆಯೇ ಒಯ್ಯಲು ನಾನು ಹಿಂಜರಿಯುತ್ತೇನೆ.

ಗಡಿಗಳ ವಿಷಯ. 1997ರ ಮ್ಯಾಂಚೆಸ್ಟರ್ ಅಧ್ಯಯನದ ಪ್ರಕಾರ ತೀವ್ರತಾ ಸೂಚಿಯ 500 ಅಂಕಗಳಲ್ಲಿ 75ರಿಂದ 175 ಸೌಮ್ಯ, 300ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. 50 ಅಂಕ ಇಳಿದರೆ ಸುಧಾರಣೆ. ಉತ್ತರಿಸುವವರು ಮಾಪಕದ ತುದಿಗಳನ್ನು ಬಿಟ್ಟು ನಡುವಿನ ಜಾಗವನ್ನು ಆರಿಸಿಕೊಳ್ಳುವ ಪ್ರವೃತ್ತಿ ಉತ್ತರ ಅಮೆರಿಕದವರಿಗಿಂತ ಜಪಾನೀಯರಲ್ಲಿ ಹೆಚ್ಚು ಎಂದು ಹೋಲಿಕೆಯ ಅಧ್ಯಯನಗಳು ಹೇಳಿವೆ. ಈ ಅಭ್ಯಾಸ ಹೊಟ್ಟೆನೋವು ಎಷ್ಟೆಂದು ರೋಗಿ ಗುರುತು ಹಾಕುವ ಗೆರೆಗೂ ಅನ್ವಯಿಸುವುದಾದರೆ, ಮ್ಯಾಂಚೆಸ್ಟರಿನಲ್ಲಿ 320 ಬರುವಷ್ಟು ನೋವಿರುವವರಿಗೆ ಸೆಂಡೈನಲ್ಲಿ 280 ಬಂದು ‘ಮಧ್ಯಮ’ ಎನಿಸಿಕೊಳ್ಳಬಹುದು. ಔಷಧ ಪರೀಕ್ಷೆಯಲ್ಲಿ ಇದು ಸಣ್ಣ ಮಾತಲ್ಲ. ರಾಮೊಸೆಟ್ರಾನ್ ಎಂಬ ಔಷಧ ಜಪಾನಿನಲ್ಲಿ 2008ರಲ್ಲಿ ಭೇದಿ ಪ್ರಧಾನ ಐಬಿಎಸ್ ಇರುವ ಪುರುಷರಿಗೆ ಮಾತ್ರ ಒಪ್ಪಿಗೆ ಪಡೆದು, ಮಹಿಳೆಯರಿಗೆ ಅರ್ಧ ಪ್ರಮಾಣದಲ್ಲಿ ಸಿಕ್ಕಿದ್ದು 2015ರಲ್ಲಿ. ಇಂಥ ತೀರ್ಮಾನಗಳ ಹಿಂದೆ ನಿಂತಿರುವುದು ರೋಗಿ ತಾನೇ ಹೇಳಿಕೊಂಡ ಉತ್ತರ.

ಉತ್ತರ 3 (ಸಂಶೋಧನಾ ಸಂಯೋಜಕ)

ಅಂಕಿಅಂಶದವರು ನೋಡದ ಒಂದು ಕಡೆಯನ್ನು ನಾನು ತೋರಿಸುತ್ತೇನೆ. ತೀವ್ರತಾ ಸೂಚಿಯ ಐದು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಒಂದು ಗೆರೆಯ ಮೇಲಿನ ಗುರುತು. ಎಡತುದಿಯಿಂದ ಗುರುತಿನವರೆಗೆ ಅಳತೆಪಟ್ಟಿ ಇಟ್ಟು ಮಿಲಿಮೀಟರಿನಲ್ಲಿ ಅಳೆದರೆ ಅದೇ ಅಂಕ, ಗೆರೆ ಸರಿಯಾಗಿ 100 ಮಿಲಿಮೀಟರ್ ಇದ್ದಾಗ. ಜೆರಾಕ್ಸ್ ಯಂತ್ರ ಪುಟವನ್ನು ಕುಗ್ಗಿಸಿ ಗೆರೆ 94 ಮಿಲಿಮೀಟರ್ ಆಯಿತೆಂದರೆ, ಬಲತುದಿಗೇ ಗುರುತು ಹಾಕಿದ ರೋಗಿಗೂ ನೂರು ಸಿಗದು. ನಾಲ್ಕು ಗೆರೆಗಳಲ್ಲಿ 24 ಅಂಕ ಹೋಯಿತು, ಅಂದರೆ ‘ಸುಧಾರಣೆ’ಯ 50ರಲ್ಲಿ ಅರ್ಧದಷ್ಟು. ಮಲವಿಸರ್ಜನೆಯ ಬಗೆಗಿನ ತೃಪ್ತಿಯ ಪ್ರಶ್ನೆಯೂ ಗಮನಿಸತಕ್ಕದ್ದು. ಅಲ್ಲಿ ಕೇಳುವುದು ತೃಪ್ತಿಯನ್ನು, ಅಂಕ ಏರುವುದು ಅತೃಪ್ತಿಗೆ. ಅವಸರದಲ್ಲಿ ತುಂಬುವವರು ತಿರುಗುಮುರುಗಾಗಿ ಗುರುತು ಹಾಕುತ್ತಾರೆ. ರೋಗಿ ಒಂದೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ತನಗೇನು ತೋಚಿತೆಂದು ಹೇಳುತ್ತಾ ತುಂಬುವ ಸಂದರ್ಶನದಲ್ಲಿ ಇದು ಹೊರಬೀಳುತ್ತದೆ. ಮರು ಅನುವಾದದಲ್ಲಿ ಹೊರಬೀಳುವುದಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಧನ್ಯವಾದಗಳು. ಪ್ರಬಂಧದಲ್ಲಿ ಹೋಲಿಕೆಯ ಗುಂಪನ್ನು ಹೇಗೆ ಆರಿಸಿದ್ದಾರೆ ಎಂಬುದರಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ. ಇನ್ನೊಂದು ಸಂದೇಹ: 2016ರ ರೋಮ್ 4ರಲ್ಲಿ ‘ಅಸ್ವಸ್ಥತೆ’ಯನ್ನು ಬಿಟ್ಟು ನೋವನ್ನು ಮಾತ್ರ, ಅದೂ ವಾರಕ್ಕೆ ಒಂದು ದಿನವಾದರೂ ಇರಬೇಕೆಂದು ಉಳಿಸಿಕೊಂಡಿದ್ದಾರಲ್ಲ, ಹಾಗಾದರೆ ರೋಮ್ 3ಕ್ಕೆ ಮಾಡಿದ ಪರೀಕ್ಷೆ ವ್ಯರ್ಥವೇ?

ಉತ್ತರ 2ರ ಲೇಖಕಿ

ವ್ಯರ್ಥವಲ್ಲ, ಆದರೆ ರೋಮ್ 4ಕ್ಕೆ ಅದನ್ನೇ ಸಾಕ್ಷ್ಯವಾಗಿ ಕೊಡಲಾಗದು. ಹೊಟ್ಟೆ ಉಬ್ಬರವನ್ನೇ ಮುಖ್ಯ ದೂರಾಗಿ ಹೇಳುವ ಏಷ್ಯಾದ ರೋಗಿಗಳಲ್ಲಿ ಹಲವರು ಹೊಸ ಗಡಿಯ ಹೊರಗೆ ಉಳಿಯುತ್ತಾರೆ. ಹಾಗಾಗಿ ಹಳೆಯ ಮಾನದಂಡದಲ್ಲಿ ರೋಗಿಗಳೆನಿಸಿದವರನ್ನೇ ಹೊಸದರಲ್ಲಿ ಪರೀಕ್ಷಿಸಿದರೆ ಸೆನ್ಸಿಟಿವಿಟಿ ಕುಸಿದಂತೆ ಕಾಣುತ್ತದೆ. ನೀವು ಮುಂದೆ ಕನ್ನಡದಲ್ಲಿ ಇಂಥದೇ ಕೆಲಸಕ್ಕೆ ಕೈಹಾಕುವುದಾದರೆ, ಅನುವಾದ ಆರಂಭಿಸುವ ಮೊದಲೇ ರೋಮ್ ಫೌಂಡೇಶನ್‌ಗೆ ಬರೆದು ಅನುಮತಿ ಪಡೆಯಿರಿ. ರೋಮ್ ಪ್ರಶ್ನಾವಳಿಗಳ ಹಕ್ಕು ಅವರದು.